ಅಜ್ಜಿಯನ್ನು ಒಗೆದದ್ದು

"ಅಕ್ಕಾ, ಆ ತಂತಿ ಮೇಲೆ ನೇತಾಡ್ತಿರೋದು ಏನು?"

ಕೇಳಿದವನು ಅನಾಥ ಕಾಡುಪ್ರಾಣಿಗಳ ಆರೈಕೆ ಕೇಂದ್ರದ ಅಡುಗೆಕೋಣೆಯ ರೇಡಿಯೋ. ಪ್ರಾಣಿಗಳಿಗೆ ಹಣ್ಣು, ಸೊಪ್ಪು, ಗೆಡ್ಡೆ ಹೆಚ್ಚಿ ತಟ್ಟೆಗೆ ಹಾಕುವುದು ಅವನ ಕೆಲಸ. ಹೆಚ್ಚುವಷ್ಟು ಹೊತ್ತೂ ಮಾತಾಡುವುದು ಸ್ವಭಾವ. ಅದಕ್ಕೇ ಆ ಹೆಸರು ಬಿದ್ದಿತ್ತು.

"ಅಜ್ಜಿ," ಎಂದಳು ಅವಳು, ಕೊನೆಯ ಕ್ಲಿಪ್ಪು ಸಿಕ್ಕಿಸುತ್ತ.

"ಅಜ್ಜಿನ ಒಗೆದ್ಬಿಟ್ಯಾ?"

"ಗಲೀಜಾಗಿತ್ತು. ಹಾಲು ಚೆಲ್ಲಿ, ಉಚ್ಚೆ ಹೊಯ್ದು..."

ರೇಡಿಯೋ ತೆರೆದ ಬಾಯಿ ಮುಚ್ಚಲಿಲ್ಲ. ಆ ಬಾಯಿಂದ ಮಾತು ಹೊರಡದೆ ನಿಂತದ್ದನ್ನು ಅವಳು ಕಂಡದ್ದು ಅದೇ ಮೊದಲು. ತಾನು ಮಾಡಿದ್ದೇನು ಎಂಬುದು ಅವಳಿಗೆ ಹೊಳೆದದ್ದೂ ಆಗಲೇ. ಕಂದು ಬಟ್ಟೆಯಿಂದ ನೀರು ತೊಟತೊಟ ಇಳಿಯುತ್ತಿತ್ತು. ಗಾಳಿ ಬೀಸಿದಾಗ ಸಾಬೂನಿನ ನಿಂಬೆಹಣ್ಣಿನ ವಾಸನೆ ಬಂತು.

ಅಜ್ಜಿ ಎಂದರೆ ಒಂದು ನಿಲುವಂಗಿ. ಉದ್ದ ಕೂದಲಿನ ತುಪ್ಪಳದಂಥ ಬಟ್ಟೆ, ಕತ್ತಿನಿಂದ ಮಂಡಿಯವರೆಗೆ. ಮುಖ ಮುಚ್ಚಲು ಅದಕ್ಕೇ ಹೊಲಿದ ಕುಲಾವಿ. ಮರಿಕೋಣೆಯೊಳಗೆ ಹೋಗುವವರು ಯಾರೇ ಆಗಲಿ ಅದನ್ನು ತೊಟ್ಟೇ ಹೋಗಬೇಕು, ಒಳಗೆ ತುಟಿ ಪಿಟ್ಟೆನ್ನಬಾರದು. ತಾಯಿಯಿಲ್ಲದ ಮರಿಗೆ ಹೊಟ್ಟೆಯ ಕೂದಲು ಹಿಡಿದು ಜೋತುಬೀಳಲು ಒಂದು ಮೈ ಬೇಕೇ ಬೇಕು. ಆದರೆ ಆ ಮೈ ಮನುಷ್ಯರದ್ದೆಂದು ಅದಕ್ಕೆ ತಿಳಿದರೆ ಅದು ಕಾಡಿಗೆ ಹೋಗಿ ಬದುಕಲಾರದು, ದಾರಿಯಲ್ಲಿ ಸಿಕ್ಕ ಮೊದಲ ಬೇಟೆಗಾರನ ಮಡಿಲಿಗೇ ಹೋಗಿ ಕೂತೀತು. ಆದ್ದರಿಂದ ಮರಿ ಬಂದ ದಿನದಿಂದ ಹೋಗುವ ದಿನದವರೆಗೆ ನಿಲುವಂಗಿಗೆ ಸಾಬೂನು ಮುಟ್ಟಿಸುವಂತಿಲ್ಲ. ತಿಂಗಳುಗಟ್ಟಲೆ ಕೂಡಿದ ಆ ಮುಗ್ಗಲು, ಹುಳಿ, ಮೈಬಿಸಿಯ ವಾಸನೆಯೇ ಮರಿಯ ಪಾಲಿಗೆ ತಾಯಿ. ವಯಸ್ಸಾದವರ ಕೋಣೆಯ ಹಾಗೆ ನಾರುತ್ತದೆ ಎಂದು ಯಾರೋ ಅಂದಿದ್ದರಿಂದ ಅದು ಅಜ್ಜಿಯಾಯಿತು. "ಅಜ್ಜಿಯನ್ನು ಒಗೆಯಬಾರದು" ಎಂದು ಮರಿಕೋಣೆಯ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದೂ ಇತ್ತು. ಒಂಬತ್ತು ವರ್ಷದ ಹಿಂದೆ ಅದನ್ನು ಬರೆದು ಅಂಟಿಸಿದವಳು ಅವಳೇ.

ಎರಡು ವರ್ಷ ಅವಳ ಅಮ್ಮ ಹಾಸಿಗೆ ಹಿಡಿದಿದ್ದಳು. ಬೆಳಗಾದರೆ ಒದ್ದೆ ಹಾಸು, ಹೊದಿಕೆ, ಬಟ್ಟೆಗಳನ್ನು ಬಕೆಟ್ಟಿಗೆ ಹಾಕಿ, ಪುಡಿ ಉದುರಿಸಿ, ಕುಕ್ಕಿ ಹಿಂಡಿ ಒಣಹಾಕಿಯೇ ಅವಳು ಕೆಲಸಕ್ಕೆ ಬರುತ್ತಿದ್ದದ್ದು. ಅಮ್ಮ ಹೋಗಿ ಐದು ವಾರವಾಗಿತ್ತು. ಕೈಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಈ ಬೆಳಿಗ್ಗೆ ಮರಿಕೋಣೆಯ ಮೊಳೆಯ ಮೇಲೆ ಕಲೆಗಟ್ಟಿದ ಬಟ್ಟೆ ಕಂಡಿತು, ಕೆಳಗೆ ಬಕೆಟ್ಟಿತ್ತು, ಅಷ್ಟೆ.

"ಡಾಕ್ಟ್ರಮ್ಮಂಗೆ ನಾನು ಹೇಳ್ಲಾ, ನೀನೇ ಹೇಳ್ತೀಯಾ?" ಎಂದ ರೇಡಿಯೋ, ಬಾಯಿ ಮರಳಿ ಬಂದ ಮೇಲೆ.

"ನಾನೇ ಹೇಳ್ತೀನಿ."

"ಬೈತಾರೆ."

"ಬೈಲಿ."

ಮರಿಯ ಹೆಸರು ಹದಿನೇಳು. ಹೆಸರಿಡುವಂತಿಲ್ಲ, ಅದಕ್ಕೆ ಸಂಖ್ಯೆ. ಮ್ಯಾಂಡ್ರಿಲ್ ಎಂಬ ಜಾತಿಯ ಕೋತಿಯ ಹೆಣ್ಣುಮರಿ, ಆರು ವಾರದ್ದು, ತೂಕ ಹೆಚ್ಚುಕಮ್ಮಿ ಒಂದು ಕಿಲೋ. ಲಾರಿಯೊಂದರಲ್ಲಿ ಮಾಂಸದ ಮೂಟೆಗಳ ನಡುವೆ, ಸತ್ತ ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಸಿಕ್ಕಿತ್ತು. ತನಿಖೆಯವರು ಅದನ್ನು ಬಿಡಿಸಿ ತಂದಾಗ ಮುಷ್ಟಿಯಲ್ಲಿ ತಾಯಿಯ ಕೂದಲು ಹಾಗೇ ಇತ್ತು. ಈ ಜಾತಿಯ ದೊಡ್ಡ ಗಂಡುಗಳನ್ನು ಕಂಡವರು ಮರೆಯುವುದಿಲ್ಲ. ಮೂಗಿನುದ್ದಕ್ಕೂ ಕುಂಕುಮಗೆಂಪು, ಕೆನ್ನೆಗಳೆರಡೂ ಉಬ್ಬಿದ ನೀಲಿ, ಗಡ್ಡ ಹಳದಿ, ಹಿಂಭಾಗವಂತೂ ಬಣ್ಣದ ಡಬ್ಬಿಯನ್ನೇ ಮಗುಚಿದ ಹಾಗೆ. ಗುಂಪಿನ ಯಜಮಾನಿಕೆ ಕೈತಪ್ಪಿದರೆ ಆ ಬಣ್ಣವೂ ಮಾಸುತ್ತದೆ. "ನಮ್ಮ ಮೇಲಿನವ್ರಿಗೂ ಹಂಗೇ ಇದ್ದಿದ್ರೆ ಎಷ್ಟು ಚೆನ್ನಾಗಿರೋದು, ಯಾರಿಗೆ ಸಲಾಮು ಹೊಡೀಬೇಕು ಅಂತ ಮೂಗು ನೋಡೇ ತಿಳ್ಕೋಬಹುದಿತ್ತು," ಎನ್ನುತ್ತಿದ್ದ ರೇಡಿಯೋ. ಮರಿಗೆ ಮಾತ್ರ ಇನ್ನೂ ಯಾವ ಬಣ್ಣವೂ ಬಂದಿರಲಿಲ್ಲ. ನೆರಿಗೆಬಿದ್ದ ಬಿಳಿಚು ಮುಖ, ತಲೆಯ ಮೇಲೆ ಕಪ್ಪು ಟೋಪಿಯಂಥ ಕೂದಲು, ಮುಖಕ್ಕೆ ಮೀರಿದ ಕಣ್ಣು.

ಡಾಕ್ಟ್ರಮ್ಮ ಬೈಯಲಿಲ್ಲ. ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಎಲ್ಲರನ್ನೂ ಬಹುವಚನದಲ್ಲಿ ಕರೆಯುವವರು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. "ಎಷ್ಟು ಹೊತ್ತು ನೆನೆಸಿದ್ರಿ?" ಎಂದು ಕೇಳಿದರು.

"ಅರ್ಧ ಗಂಟೆ. ಆಮೇಲೆ ಮೂರು ನೀರಲ್ಲಿ ಜಾಲಾಡಿದೆ."

"ಮೂರು ನೀರಲ್ಲಿ," ಎಂದರು ಡಾಕ್ಟ್ರಮ್ಮ. ಕನ್ನಡಕ ಮತ್ತೆ ಹಾಕಿಕೊಂಡರು.

ಆ ದಿನದ ಎರಡನೆಯ ಹಾಲಿನ ಹೊತ್ತಿಗೆ ಅವಳು ಅರೆ ಒದ್ದೆ ಅಜ್ಜಿಯನ್ನೇ ತೊಟ್ಟು ಒಳಗೆ ಹೋದಳು. ಮರಿ ಎಂದಿನಂತೆ ಎರಡು ಹೆಜ್ಜೆ ಓಡಿಬಂತು, ನಿಂತಿತು, ಮೂಗು ಎತ್ತಿತು. ಆಮೇಲೆ ಮೂಲೆಗೆ ಸರಿದು, ಗೋಡೆಗೆ ಮುಖ ಮಾಡಿ, ತನ್ನ ಮೈಯನ್ನು ತಾನೇ ತಬ್ಬಿಕೊಂಡು ಕೂತಿತು. ಬಾಟಲಿಯ ತೊಟ್ಟನ್ನು ತುಟಿಗೆ ತಾಗಿಸಿದರೆ ಹಲ್ಲು ಕಚ್ಚಿತು. ಮೂರನೆಯ ಹಾಲೂ ಹಾಗೆಯೇ ಆಯಿತು. ನಾಲ್ಕನೆಯದಕ್ಕೆ ರಾತ್ರಿಪಾಳಿಯ ಉದ್ದಣ್ಣ ಹೋಗಿ ನೋಡಿದ. ಐವತ್ತು ದಾಟಿದ, ಮಂಡಿನೋವಿನ ಮನುಷ್ಯ. "ನನ್ನ ಕಡೆ ತಿರುಗಿ ಸಹ ನೋಡ್ಲಿಲ್ಲ ಮಾರಾಯ್ತಿ. ಎಲ್ಲೋ ತಪ್ಪಿ ಬಂದ ನೆಂಟನ ಥರ ಕೂತಿದ್ದು ಬಂದೆ," ಎಂದ. ಪ್ಲಾಸ್ಟಿಕ್ ಚೀಲದಲ್ಲಿ ಹೊಸ ನಿಲುವಂಗಿಯೊಂದು ಇತ್ತು, ಅಂಗಡಿವಾಸನೆಯದು. ಅದನ್ನು ಕಂಡು ಮರಿ ಇನ್ನಷ್ಟು ಕುಗ್ಗಿತು. ಡಾಕ್ಟ್ರಮ್ಮ ಮೂಗಿನಿಂದ ನಳಿಕೆ ಇಳಿಸಿ ಹಾಲು ಹಾಕಿದರು. ಅರ್ಧಕ್ಕರ್ಧ ವಾಂತಿಯಾಗಿ ಹೊರಬಂತು.

ಮರುದಿನ ಬೆಳಿಗ್ಗೆ ರೇಡಿಯೋ ಒಂದು ಉಪಾಯ ಮಾಡಿದ. ಯಾರನ್ನೂ ಕೇಳದೆ ಅಜ್ಜಿಯನ್ನು ಹೊತ್ತುಕೊಂಡು ದೊಡ್ಡ ಪಂಜರಕ್ಕೆ ಹೋಗಿ, ಮ್ಯಾಂಡ್ರಿಲ್‌ಗಳು ಮಲಗುವ ಹಲಗೆಗಳ ಮೇಲೆಲ್ಲ ಚೆನ್ನಾಗಿ ತಿಕ್ಕಿ ತಂದ. "ಸ್ವಂತ ಕುಲದ ವಾಸನೆ ಅಲ್ವಾ ಅಕ್ಕಾ, ಇದಕ್ಕಿಂತ ಇನ್ನೇನು ಬೇಕು?" ಎಂದು ಕೈಗೆ ಕೊಟ್ಟ. ಅವಳು ತೊಟ್ಟು ಒಳಗೆ ಕಾಲಿಟ್ಟದ್ದೇ ತಡ, ಮರಿ ಕಿಟಾರನೆ ಕಿರುಚಿ ಕಿಟಕಿಯ ಸರಳಿಗೆ ಹಾರಿ, ಅಲ್ಲಿಂದ ಬಿದ್ದು, ಬಿದ್ದಲ್ಲೇ ಹೇತುಕೊಂಡಿತು. ಅವನು ತಿಕ್ಕಿದ ಹಲಗೆಗಳಲ್ಲಿ ಒಂದು ದೊಡ್ಡ ಗಂಡಿನದು. ಎದೆ ಉಜ್ಜಿ ಉಜ್ಜಿ ತನ್ನ ಗುರುತು ಹಚ್ಚಿಟ್ಟಿದ್ದ ಹಲಗೆ.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ," ಎಂದು ರೇಡಿಯೋ ಹಣೆ ಚಚ್ಚಿಕೊಂಡ. ಅವಳು ಅಜ್ಜಿಯನ್ನು ಕಳಚಿ ಮೊಳೆಗೆ ಹಾಕಿದಳು. ಅಳು ಬಂದಿದ್ದರೆ ಅವನಿಗೂ ಸಮಾಧಾನವಾಗುತ್ತಿತ್ತೋ ಏನೋ. ಅವಳಿಗೆ ಬಂದದ್ದು ಆಕಳಿಕೆ. ಐದು ವಾರದಿಂದ ಹಾಗೇ. ಏನೇ ಆದರೂ ಅದು ಪಕ್ಕದ ಮನೆಯಲ್ಲಿ ಆದಂತೆ ಕೇಳಿಸುತ್ತಿತ್ತು.

ಮಧ್ಯಾಹ್ನ ಡಾಕ್ಟ್ರಮ್ಮ ಮರಿಯ ತೊಡೆಯ ಚರ್ಮ ಚಿವುಟಿ ನೋಡಿದರು. ಚಿವುಟಿದ ಮಡಿಕೆ ಹಾಗೇ ನಿಂತಿತು.

"ಹಾಲು ಇಳೀದಿದ್ರೆ ನಾಳೆ ಸಂಜೆ ನೋಡಲ್ಲ ಇದು," ಎಂದರು, ಹೊರಗೆ ಬಂದು. ಬಾಗಿಲು ಎಳೆದುಕೊಂಡು, "ನೀವು ಹೀಗೇ ಹೋಗಿ," ಎಂದರು.

"ಹೀಗೇ ಅಂದ್ರೆ?"

"ಅಜ್ಜಿ ಇಲ್ದೆ. ಇರೋ ಹಾಗೆ."

"ಮುಖ ಕಾಣುತ್ತೆ."

"ಕಾಣ್ಲಿ. ಮೊದ್ಲು ಬದುಕ್ಲಿ."

ಒಂಬತ್ತು ವರ್ಷದಲ್ಲಿ ಆ ಕೋಣೆಗೆ ಅವಳು ಬರಿಮೈಯಲ್ಲಿ ಹೋದಂತೆ ಹೋದದ್ದು ಅದೇ ಮೊದಲು. ಮಾಮೂಲು ಅಂಗಿ, ಮೊಣಕೈಗೆ ಮಡಿಸಿದ ತೋಳು. ನೆಲದ ಮೇಲೆ ಕಾಲು ಚಾಚಿ ಕೂತಳು. ಮರಿ ಅವಳ ಮುಖವನ್ನು ನೋಡಿತು. ಇಷ್ಟು ದಿನ ಕಂದು ಬಟ್ಟೆಯೊಳಗೆ ಇದ್ದದ್ದು ಇದೇನೋ ಎಂದು ಅದು ಯೋಚಿಸಿತೋ ಇಲ್ಲವೋ, ಹೇಳಲಾಗದು. ತೆವಳಿಕೊಂಡು ಬಂದು ಮುಂಗೈಯ ಒಳಮಗ್ಗುಲನ್ನು ಮೂಸಿತು. ಮೊಣಕೈ ಮಡಿಕೆಯನ್ನು ಮೂಸಿತು. ಆಮೇಲೆ ಅಂಗಿಯನ್ನು ಹಿಡಿದು ಏರಿ, ಕತ್ತಿನ ಬುಡಕ್ಕೆ ಮೂಗು ಒತ್ತಿ, ಅವಳ ಜಡೆಯಿಂದ ಬಿಚ್ಚಿಬಂದ ಕೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಿತು. ಬಾಟಲಿ ಬಾಯಿಗೆ ಬಂದಾಗ ಹಲ್ಲು ಕಚ್ಚಲಿಲ್ಲ.

"ಕುಡಿ, ಕುಡಿ. ಇನ್ನೊಂದು ಗುಟುಕು. ಇದೊಂದೇ, ಆಮೇಲೆ ಕೇಳಲ್ಲ," ಎಂದಳು ಅವಳು.

ಆ ಮಾತು ಎರಡು ವರ್ಷ ಯಾರ ಬಾಯಿಗೆ ಚಮಚ ಹಿಡಿದು ಆಡಿದ್ದೆಂದು ಕೋಣೆಯ ಗಾಜಿನಾಚೆ ನಿಂತು ನೋಡುತ್ತಿದ್ದವರಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟೇ: ಮರಿ ಕುಡಿಯುತ್ತಿದೆ, ಆಡಬಾರದ ಮಾತನ್ನು ಅವಳು ಆಡಿಬಿಟ್ಟಿದ್ದಾಳೆ.

ಸಂಜೆ ಡಾಕ್ಟ್ರಮ್ಮನ ಕೋಣೆಯಲ್ಲಿ ಅವಳನ್ನು ಕೂರಿಸಿದರು. ಗೋಡೆಯಲ್ಲೊಂದು ಮರದ ಹಲಗೆ. ಒಂದು ಬದಿಗೆ 'ಕಾಡಿಗೆ', ಇನ್ನೊಂದು ಬದಿಗೆ 'ಇಲ್ಲೇ'. ಕೆಳಗೆ ಮೊಳೆಗಳು, ಮೊಳೆಗಳಿಗೆ ಸಂಖ್ಯೆಯ ತಗಡು. ಡಾಕ್ಟ್ರಮ್ಮ ಹದಿನೇಳರ ತಗಡನ್ನು 'ಕಾಡಿಗೆ'ಯಿಂದ ತೆಗೆದರು. ಆದರೆ 'ಇಲ್ಲೇ'ಗೆ ಹಾಕಲಿಲ್ಲ, ಜೇಬಿಗೆ ಹಾಕಿಕೊಂಡರು.

"ಇಷ್ಟು ದಿನ ಅಜ್ಜಿ ವಾಸನೆ ಅಂತಿದ್ವಲ್ಲ, ಅದರ ತಳದಲ್ಲಿ ಇದ್ದಿದ್ದು ನಿಮ್ಮ ವಾಸನೆ," ಎಂದರು. "ಹಗಲಿನ ಹಾಲೆಲ್ಲ ನಿಮ್ಮ ಕೈಯದೇ. ಈಗ ಎರಡು ದಾರಿ ಇದೆ. ಒಂದು, ಅದು ನಿಮ್ಮನ್ನೇ ತಾಯಿ ಅಂದ್ಕೊಂಡು ಇಲ್ಲೇ ಇರೋದು. ಪಂಜರದಲ್ಲಾದ್ರೆ ಮೂವತ್ತು ವರ್ಷ ಬದುಕುತ್ತೆ. ನೀವೇ ನೋಡ್ಕೊಳ್ಳಿ, ಬೇರೆ ಯಾರನ್ನೂ ಹಾಕಲ್ಲ."

"ಇನ್ನೊಂದು?"

"ಅಜ್ಜಿನ ಮನೆಗೆ ತಗೊಂಡು ಹೋಗಿ. ಐದು ದಿನ ತೊಟ್ಕೊಳ್ಳಿ. ಕೆಲಸ ಮಾಡೋವಾಗ, ಮಲಗೋವಾಗ, ಆ ಗಂಡಿನ ವಾಸನೆ ಮುಚ್ಚಿಹೋಗೋ ಹಾಗೆ ಬೆವರಿ ಚೆನ್ನಾಗಿ. ಇಲ್ಲಿ ಹಾಲು ಕೊಡೋವಾಗ ಮೊದಲು ಹೆಗಲ ಮೇಲೆ ಹಾಕ್ಕೊಳ್ಳಿ, ಆಮೇಲೆ ತೋಳು, ಆಮೇಲೆ ಪೂರ್ತಿ, ಕೊನೆಗೆ ಮುಖ. ಮಾತು ಇವತ್ತಿಂದಾನೇ ಬೇಡ. ರಾತ್ರಿ ಹಾಲು ನಳಿಕೇಲಿ ನಾನೇ ಇಳಿಸ್ತೀನಿ. ಆರನೇ ದಿನ ಅದನ್ನ ಉದ್ದಣ್ಣ ತೊಡ್ತಾನೆ. ಅವನ ಹತ್ರ ಕುಡಿದ್ರೆ ದಾರಿ ಸರಿಹೋಯ್ತು ಅಂತ. ಮುಂದೆ ಸಾಕುತಾಯಿ ಹೆಣ್ಣಿನ ಪಂಜರ, ಗುಂಪು, ಬೇಲಿ ಹಾಕಿದ ಕಾಡು, ಆಮೇಲೆ ನಿಜವಾದ ಕಾಡು."

"ನಾನು?"

ಡಾಕ್ಟ್ರಮ್ಮ ಕನ್ನಡಕ ತೆಗೆದರು. "ನೀವು ಮರಿಕೋಣೆ ಕಡೆ ಕಟ್ಟಡಕ್ಕೆ ಕಾಲಿಡೋ ಹಾಗಿಲ್ಲ. ನಿಮ್ಮ ಮುಖ ಒಂದ್ಸಲ ಕಂಡ್ರೆ, ದನಿ ಕೇಳಿದ್ರೆ, ಮತ್ತೆ ಮೊದಲಿಂದ. ಅಡುಗೆಕೋಣೆಗೆ ಹಾಕ್ತೀನಿ. ಯೋಚನೆ ಮಾಡಿ ಹೇಳಿ, ಬಲವಂತ ಇಲ್ಲ."

"ಆಗ್ಲಿ," ಎಂದಳು.

"ಯಾವುದು ಆಗ್ಲಿ?"

"ಎರಡನೇದು."

ಮನೆಯಲ್ಲಿ ಅವಳೂ ತಂಗಿಯೂ ಇಬ್ಬರೇ. ತಂಗಿಗೆ ಬಟ್ಟೆ ಅಂಗಡಿಯಲ್ಲಿ ಕೆಲಸ, ದಿನವೆಲ್ಲ ಹೊಸ ಬಟ್ಟೆಯ ಮಡಿಕೆಯಲ್ಲಿ ಕೈಯಾಡಿಸುವವಳು. ಅಕ್ಕ ಕರಡಿಯಂತೆ ಬಾಗಿಲಲ್ಲಿ ನಿಂತದ್ದನ್ನು ಕಂಡು ಅವಳು ಮೊದಲು ನಕ್ಕಳು, ಆಮೇಲೆ ಮೂಗು ಮುಚ್ಚಿಕೊಂಡಳು.

"ಇದರಲ್ಲೇ ಬಸ್ಸಲ್ಲಿ ಬಂದ್ಯಾ?"

"ಹೂಂ. ಸೀಟು ಸಿಕ್ತು."

"ಸಿಗದೆ ಏನು, ಇಡೀ ಬಸ್ಸೇ ಬಿಟ್ಟುಕೊಟ್ಟಿರ್ತಾರೆ!"

ಅವಳು ಅಜ್ಜಿಯಲ್ಲೇ ಅಡುಗೆ ಮಾಡಿದಳು, ಪಾತ್ರೆ ತಿಕ್ಕಿದಳು, ಮಲಗಿದಳು. ಬೆವರಬೇಕಲ್ಲ, ಕಿಟಕಿ ಮುಚ್ಚಿದಳು. ಕೇಂದ್ರದಲ್ಲಿ ಮೊದಲ ದಿನ ಅಜ್ಜಿ ಹೆಗಲ ಮೇಲಿತ್ತು. ಮರಿ ಅದನ್ನು ಮೂಸಿ, ಸೀನಿ, ಅವಳ ಕತ್ತಿಗೇ ಹೋಯಿತು. ಎರಡನೆಯ ದಿನ ತೋಳು ಹಾಕಿಕೊಂಡಳು. ಮೂರನೆಯ ದಿನ ಕುಡಿಯುತ್ತ ಕುಡಿಯುತ್ತ ಅದರ ಒಂದು ಕೈ ಕೂದಲನ್ನು ಬಿಟ್ಟು ತುಪ್ಪಳವನ್ನು ಹಿಡಿಯಿತು. ಹೊಟ್ಟೆ ತುಂಬಿದ ಮೇಲೆ ಅವಳ ಗಲ್ಲವನ್ನು ಬೆರಳಿನಿಂದ ಮುಟ್ಟಿ ನೋಡುವುದು ಅದಕ್ಕೊಂದು ಆಟವಾಗಿತ್ತು. ಮುಟ್ಟುವುದು, ಕೈ ಹಿಂದಕ್ಕೆಳೆದುಕೊಳ್ಳುವುದು, ಮತ್ತೆ ಮುಟ್ಟುವುದು. ಅವಳು ಅಲುಗಾಡದೆ ಕೂತಿರುತ್ತಿದ್ದಳು. ಮಾತಾಡಲಿಲ್ಲ.

ನಾಲ್ಕನೆಯ ದಿನ ಸಂಜೆ ಮನೆಗೆ ಬಂದಾಗ ಬಚ್ಚಲಲ್ಲಿ ನಲ್ಲಿ ಸುರಿಯುತ್ತಿತ್ತು. ತಂಗಿ ಬಕೆಟ್ಟು ತುಂಬಿಸಿ, ಪುಡಿ ಹಾಕಿ, ನೊರೆ ಎಬ್ಬಿಸಿಟ್ಟಿದ್ದಳು.

"ಬಿಚ್ಚು ಅದನ್ನ. ಅಂಗಡೀಲಿ ನನ್ನ ಮೈ ನಾರುತ್ತೆ ಅಂತ ಗಿರಾಕಿಗಳು ಮುಖ ಕಿವುಚ್ತಾರೆ. ಒಂದ್ಸಲ ಜಾಲಾಡಿದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಮರಿ ಇಲ್ಲೇ ಉಳಿಯುತ್ತೆ."

"ಉಳೀಲಿ ಬಿಡು! ನಿಂಗೂ ಒಂದು ಜೀವ ಆಗುತ್ತೆ." ತಂಗಿಯ ದನಿ ಇಳಿಯಿತು. "ಅಮ್ಮ ಹೋದಾಗ್ಲೂ ಹಿಂಗೇ 'ಆಗ್ಲಿ' ಅಂದೆ. ಹೆಗಲು ಕೊಡೋರು ಬಂದ್ರು ಅಂದ್ರೆ 'ಆಗ್ಲಿ' ಅಂದೆ. ಮಂಚ ಯಾರಿಗಾದ್ರೂ ಕೊಡೋಣ ಅಂದ್ರೆ 'ಆಗ್ಲಿ' ಅಂದೆ. ಯಾವುದಾದ್ರೂ ಒಂದಕ್ಕೆ ಬೇಡ ಅನ್ನೇ, ನೋಡೋಣ."

ಅವಳು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು. ನೊರೆ ಬಕೆಟ್ಟಿನ ಅಂಚು ಮೀರಿ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಕೈಗಳು ತಾವಾಗಿಯೇ ಕತ್ತಿನ ಗುಂಡಿಗೆ ಹೋದವು, ಒಂದು ಗುಂಡಿ ಬಿಚ್ಚಿದವು, ಇನ್ನೊಂದು ಬಿಚ್ಚಿದವು. ನೆನೆಸಿ ಬಿಟ್ಟರೆ ಸಾಕು. ಯಾರೂ ಕೇಳುವವರಿಲ್ಲ, ತಂಗಿ ಒಗೆದಳು ಎಂದರೆ ಡಾಕ್ಟ್ರಮ್ಮ ಕನ್ನಡಕ ಒರೆಸಿಕೊಂಡು ಜೇಬಿನ ತಗಡನ್ನು 'ಇಲ್ಲೇ' ಮೊಳೆಗೆ ಹಾಕುತ್ತಾರೆ. ನಾಳೆ, ನಾಡಿದ್ದು, ಮೂವತ್ತು ವರ್ಷ, ಬೆಳಗಾದರೆ ಆ ಬೆರಳು ಬಂದು ಗಲ್ಲ ಮುಟ್ಟುತ್ತದೆ.

ಅವಳು ಮುಂದೆ ಹೋಗಿ ನಲ್ಲಿ ನಿಲ್ಲಿಸಿದಳು. ಬಕೆಟ್ಟನ್ನು ಕಾಲಿನಿಂದ ಉರುಳಿಸಿದಳು. ನೊರೆನೀರು ಬಚ್ಚಲ ತುಂಬ ಹರಡಿ, ತೂತಿನ ಸುತ್ತ ಒಂದು ಸುತ್ತು ತಿರುಗಿ ಇಳಿದುಹೋಯಿತು.

"ಬೇಡ," ಎಂದಳು.

ತಂಗಿ ಒದ್ದೆ ಕಾಲಲ್ಲೇ ನಿಂತು ಅವಳ ಮುಖ ನೋಡಿದಳು. ಆಮೇಲೆ ತಾನೇ ಮುಂದೆ ಬಂದು, ಬಿಚ್ಚಿದ ಎರಡು ಗುಂಡಿಗಳನ್ನು ಹಾಕಿ, "ಊಟಕ್ಕೆ ಬಾ, ನಾತಗಿತ್ತಿ," ಎಂದಳು.

ಐದನೆಯ ದಿನ ಕುಲಾವಿಯನ್ನು ಮುಖದ ಮೇಲೆ ಎಳೆದುಕೊಂಡಳು. ಮರಿ ಸ್ವಲ್ಪ ಹೊತ್ತು ಗಲ್ಲವಿದ್ದ ಜಾಗವನ್ನು ಬಟ್ಟೆಯ ಮೇಲಿನಿಂದಲೇ ತಡಕಿತು. ಆಮೇಲೆ ಬಿಟ್ಟಿತು.

ಆರನೆಯ ದಿನ ಬೆಳಿಗ್ಗೆ ಅವಳು ಅಜ್ಜಿಯನ್ನು ಕಳಚಿ ಉದ್ದಣ್ಣನ ಕೈಗೆ ಕೊಟ್ಟಳು. ಅದಿನ್ನೂ ಬೆಚ್ಚಗಿತ್ತು. ಅವನು ಮಂಡಿ ನೀವುತ್ತ ತೋಳು ತೂರಿಸಿದ. "ಬಿಗಿ ಆಗುತ್ತೆ ಕಣೇ," ಎಂದ.

"ಎಡಗಡೆ ಹಿಡ್ಕೋ. ಬಾಟ್ಲಿ ತಳ ತಗ್ಗಿಸ್ಬೇಡ, ಹೊಟ್ಟೆಗೆ ಗಾಳಿ ಹೋಗುತ್ತೆ. ಕುಡಿದಾದ್ಮೇಲೆ ತಕ್ಷಣ ಕೆಳಗಿಳಿಸ್ಬೇಡ," ಎಂದಳು.

"ಇನ್ನೇನಾದ್ರೂ?"

"ಇಲ್ಲ."

"ಇವತ್ತೊಂದಿನ ಗಾಜಿನ ಹತ್ರ ನಿಲ್ಲಬಹುದು ನೀವು," ಎಂದರು ಡಾಕ್ಟ್ರಮ್ಮ. ಒಳಗಿನಿಂದ ಹೊರಗಿನದು ಕಾಣದಂಥ ಗಾಜು ಅದು. ರೇಡಿಯೋ ಕೂಡ ಬಂದು ಪಕ್ಕದಲ್ಲಿ ನಿಂತ, ಬಾಯಿ ಮುಚ್ಚಿಕೊಂಡು.

ಉದ್ದಣ್ಣ ಕಷ್ಟಪಟ್ಟು ನೆಲಕ್ಕೆ ಕೂತ. ಮರಿ ಎರಡು ಹೆಜ್ಜೆ ಓಡಿಬಂತು, ನಿಂತಿತು. ಮೂಗು ಎತ್ತಿತು. ಮರಿ ಬಾಗಿಲ ಕಡೆಗೊಮ್ಮೆ ನೋಡಿತು. ಬಾಗಿಲು ತೆರೆಯಲಿಲ್ಲ. ಆಮೇಲೆ ಅದು ಬಂದು ತುಪ್ಪಳವನ್ನು ಹಿಡಿದು ಏರಿತು, ಮುಖ ಹುದುಗಿಸಿತು. ಉದ್ದಣ್ಣ ಬಾಟಲಿ ಹಿಡಿಯಲು ಮಗ್ಗುಲು ತಿರುಗಿದ್ದರಿಂದ ಗಾಜಿಗೆ ಕಂಡದ್ದು ಅಜ್ಜಿಯ ಬೆನ್ನು ಮಾತ್ರ. ಆ ಬೆನ್ನಿನ ಬದಿಯಿಂದ ಸಣ್ಣದೊಂದು ಕೈ ಆಚೆ ಬಂತು. ಕೂದಲನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡತೊಡಗಿತು.

"ಕುಡೀತಿದೆ," ಎಂದರು ಡಾಕ್ಟ್ರಮ್ಮ, ಪಿಸುದನಿಯಲ್ಲಿ.

"ಹೂಂ," ಎಂದಳು ಅವಳು.

ಹಾಲು ಮುಗಿಯುವ ಮೊದಲೇ ಅವಳು ಗಾಜಿನಿಂದ ಸರಿದು ಅಂಗಳಕ್ಕೆ ಬಂದಳು. ಅಡುಗೆಕೋಣೆಯ ಮುಂದೆ ತರಕಾರಿ ವ್ಯಾನು ಬಂದು ನಿಂತಿತ್ತು. ಕುಂಬಳಕಾಯಿ ಇಳಿಸಬೇಕಿತ್ತು, ಅದು ಇನ್ನು ಅವಳ ಕೆಲಸ. ಚಾಲಕ ಮೇಲಿನಿಂದ ಒಂದೊಂದೇ ಕೊಡುತ್ತಿದ್ದ, ಹಿಂದೆಯೇ ಓಡಿಬಂದ ರೇಡಿಯೋ ಎತ್ತಿ ಒಳಗೆ ಸಾಗಿಸುತ್ತಿದ್ದ. ಅವಳೂ ನಾಲ್ಕು ಒಯ್ದಳು. ಐದನೆಯದು ಚಿಕ್ಕದು, ಮುಂಜಾವಿನ ತಂಪು ಇನ್ನೂ ಹಿಡಿದಿತ್ತು. ಅದನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಆನಿಸಿಕೊಂಡು ಮೆಟ್ಟಿಲ ತನಕ ಬಂದವಳು ಅಲ್ಲೇ ಕೂತಳು.

"ಅಕ್ಕಾ, ಇನ್ನೂ ಮೂವತ್ತಿದೆ," ಎಂದು ಒಳಗಿನಿಂದ ರೇಡಿಯೋ ಕೂಗಿದ.

"ಬಂದೆ," ಎಂದಳು.

ಬಿಸಿಲು ಮೆಟ್ಟಿಲಿಗೆ ಬಂದಿತ್ತು. ಕಾಯಿಯ ತಂಪು ಅಂಗಿಯ ಮೂಲಕ ಹೊಟ್ಟೆಗೆ ಇಳಿಯುತ್ತಿತ್ತು. ಅವಳು ಅದರ ಮೇಲೆ ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದಳು, ಕೆಳಗಿಡದೆ.